ಬಂದೂಕಿನ ಅಂಗಡಿಯ ಬೀಗಗಳು

ಗುರುವಾರ, ಕಲಬುರಗಿ

ಕಲಬುರಗಿಯ ಹಳೇ ಬಜಾರಿನಲ್ಲಿ, ಚೌಕ್‌ಗೆ ಹತ್ತಿರವೇ, ನನ್ನ ಗೆಳೆಯನ ಮನೆತನದ ಅಂಗಡಿ ಇದೆ. ಬೋರ್ಡಿನಲ್ಲಿ ಹಾರ್ಡ್‌ವೇರ್ ಅಂತ ದೊಡ್ಡದಾಗಿ ಬರೆದಿದೆ. ಆರ್ಮ್ಸ್ ಆ್ಯಂಡ್ ಅಮ್ಯುನಿಷನ್ ಅನ್ನೋದು ಅದರ ಕೆಳಗೆ ಸಣ್ಣದಾಗಿ. ಆದರೂ ಊರಿಗೆಲ್ಲ ಅದು ಬಂದೂಕಿನ ಅಂಗಡಿ. ಕಾಲು ಕಿಲೋ ಮೊಳೆ ತರಲು ಹೊರಟವರೂ "ಬಂದೂಕಿನ ಅಂಗಡಿಗಿ ಹೋಗಿ ಬರ್ತೀನಿ" ಅಂತಲೇ ಹೇಳುತ್ತಾರೆ.

ಮುಂದಿನ ಸಲ ಬಂದೂಕು ವ್ಯಾಪಾರದ ಲೈಸೆನ್ಸ್ ನವೀಕರಿಸುವುದಿಲ್ಲ ಅಂತ ಗೆಳೆಯ ತೀರ್ಮಾನ ಮಾಡಿದ್ದಾನೆ. ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಹಾರ್ಡ್‌ವೇರ್ ಮಾತ್ರ ಅಣ್ಣನ ಮಗ ಮುಂದುವರಿಸುತ್ತಾನೆ. ಬಂದೂಕಿನ ಕೋಣೆ ಖಾಲಿ ಆಗುವ ಮೊದಲು ಮನೆತನದ ಕಥೆ ಬರೆದಿಡಬೇಕು ಅಂತ ಅವನಿಗೂ ಆಸೆ, ನನಗೂ ಆಸೆ. ಈ ಭಾಗದ ಕೋಟೆ, ಗುಮ್ಮಟ, ದರ್ಗಾಗಳ ಬಗ್ಗೆ ಬರೆಯುವವರಿದ್ದಾರೆ. ಮೂರ್ನಾಲ್ಕು ತಲೆಮಾರು ಒಂದೇ ಗಲ್ಲೆ ಮೇಲೆ ಕೂತು ಇಡೀ ಸೀಮೆಗೆ ಮೊಳೆ, ಬೀಗ, ಹಾರೆ ಮಾರಿದವರ ಬಗ್ಗೆ ಬರೆಯುವವರು ಕಡಿಮೆ. ಅದಕ್ಕೇ ರಜೆ ಹಾಕಿ ಬಂದೆ.

ಮನೆಯವರೆಲ್ಲ ಹೇಳುವ ಕಥೆ ಒಂದೇ. ಮುತ್ತಜ್ಜ ಬೀದರಿನಿಂದ ಬಂದವರು. ನಿಜಾಮರ ಸೈನ್ಯಕ್ಕೆ ಬಂದೂಕು ಮಾಡಿ ಕೊಡುತ್ತಿದ್ದರು. ಕೇಳಲು ಚೆನ್ನಾಗಿದೆ. ಆದರೆ ಸೈನ್ಯಕ್ಕೆ ಬಂದೂಕು ಮಾಡುವವರು ಮೊಳೆ ಯಾಕೆ ಮಾರುತ್ತಾರೆ? ಮೊಳೆ ಮಾರುವವರಾಗಿದ್ದರೆ ಅವರ ಕೈಗೆ ಬಂದೂಕು ಹೇಗೆ ಬಂತು? ಈ ಪ್ರಶ್ನೆ ಹಿಡಿದುಕೊಂಡೇ ಹೊರಟಿದ್ದು.

ಅಂಗಡಿಯ ಮುಂಭಾಗ ಪೂರ್ತಿ ಕಬ್ಬಿಣ. ಗೋಣಿಚೀಲಗಳಲ್ಲಿ ಸೈಜಿನ ಪ್ರಕಾರ ಮೊಳೆ. ಹಗ್ಗಕ್ಕೆ ಪೋಣಿಸಿದ ಕುಡಗೋಲು. ಶಹಾಬಾದ್ ಕಲ್ಲಿನ ಗಣಿಗಳಿಗೆ ಹೋಗುವ ಉಳಿ, ಹಾರೆ, ಸುತ್ತಿಗೆ. ಶಹಾಬಾದ್ ಕಲ್ಲು ಪದರ ಪದರವಾಗಿ ಇರುತ್ತದೆ, ಸಂದಿಯಲ್ಲಿ ಹಾರೆ ಹಾಕಿ ಮೀಟಿದರೆ ಹಾಸುಗಲ್ಲೇ ಎದ್ದು ಬರುತ್ತದೆ. ಹಾಗಾಗಿ ಈ ಅಂಗಡಿಯಲ್ಲಿ ಹಾರೆಯ ವ್ಯಾಪಾರ ಇವತ್ತಿಗೂ ಜೋರು.

ಹಿಂದೆ ಒಂದು ಚಾನಲ್ ಗೇಟು. ಅದರಾಚೆ ಬಂದೂಕಿನ ಕೋಣೆ. ಕಿಟಕಿ ಇಲ್ಲ. ಗ್ರೀಸು, ಹಳೇ ಮರದ ವಾಸನೆ. ಗೋಡೆಗೆ ಬಿಗಿದ ಮರದ ಸ್ಟ್ಯಾಂಡಿನಲ್ಲಿ ಬಂದೂಕುಗಳು ಸಾಲಾಗಿ ನಿಂತಿವೆ. ಕುದುರೆಯ, ಅಂದರೆ ಟ್ರಿಗರಿನ, ಸುತ್ತಲಿನ ಬಳೆಗಳೊಳಗಿಂದ ಒಂದೇ ಉದ್ದ ಸರಪಳಿ ಹಾಯ್ದು ಕೊನೆಯಲ್ಲಿ ಬೀಗ ಬಿದ್ದಿದೆ. ಬಹಳಷ್ಟು ಹನ್ನೆರಡು ಬೋರಿನವು. ಬೋರ್ ಲೆಕ್ಕ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಂದು ಪೌಂಡ್ ಸೀಸವನ್ನು ಸಮನಾಗಿ 12 ಗುಂಡು ಮಾಡಿದರೆ, ಅದರಲ್ಲಿ ಒಂದು ಗುಂಡು ಎಷ್ಟು ದಪ್ಪವೋ ಅಷ್ಟು ಅಗಲ ನಳಿಗೆಯ ತೂತು. ಹದಿನಾರು ಬೋರ್ ಅಂದರೆ 16 ಗುಂಡು, ಹಾಗಾಗಿ ನಳಿಗೆ ಇನ್ನೂ ಸಣ್ಣದು. ಸಂಖ್ಯೆ ಏರಿದಷ್ಟೂ ತೂತು ಕಿರಿದು.

ಬಿಹಾರದ ಮುಂಗೇರ್‌ನಿಂದ ಬಂದವು ಒಂದಿಷ್ಟು, ಸರ್ಕಾರಿ ಆರ್ಡ್ನೆನ್ಸ್ ಫ್ಯಾಕ್ಟರಿಯವು ಒಂದಿಷ್ಟು. ಮೂಲೆಯಲ್ಲಿ ಒಂದು ಜೋಡಿ ನಳಿಗೆಯ ಇಂಗ್ಲಿಷ್ ಬಂದೂಕು ಇದೆ. ಅದು ಮಾರಾಟಕ್ಕಿಲ್ಲ, ಅಜ್ಜನ ಕಾಲದ್ದು. ಲೈಸೆನ್ಸ್ ಇಲ್ಲದ ನನ್ನ ಕೈಗೆ ಗೆಳೆಯ ಕೊಡಲಿಲ್ಲ, ನಾನೂ ಕೇಳಲಿಲ್ಲ. ಅವನೇ ನಳಿಗೆ ಬಿಚ್ಚಿ, ಒರೆಸಿ, ಬುಡ ಮೇಲೆ ಮಾಡಿ ಬಲ್ಬಿನ ಕೆಳಗೆ ಹಿಡಿದ. ನಾನು ಭೂತಗನ್ನಡಿ ಹಿಡಿದೆ.

ಆ ನಳಿಗೆಯ ಮೈ ನೋಡಬೇಕು. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ಹುರಿ ಮಾಡಿ, ಒಂದು ಸಲಾಕೆಗೆ ಸುತ್ತಿ, ಕಾಯಿಸಿ ಬಡಿದು ಬೆಸೆದಿದ್ದು. ಡಮಾಸ್ಕಸ್ ನಳಿಗೆ ಅಂತಾರೆ. ಕಂದು, ಬೂದಿ ಬಣ್ಣದ ಸಣ್ಣ ಸಣ್ಣ ಸುರುಳಿಗಳು ನಳಿಗೆಯ ಉದ್ದಕ್ಕೂ ಹರಿದಿವೆ. ಬುಡದಲ್ಲಿ ಅಡ್ಡ ಇಟ್ಟ ಎರಡು ರಾಜದಂಡ, ಮೇಲೊಂದು ಕಿರೀಟ. ಇದು ಬರ್ಮಿಂಗ್‌ಹ್ಯಾಮ್‌ನ ಪರೀಕ್ಷಾ ಮನೆಯ ಮುದ್ರೆ. 1813ರಲ್ಲಿ ಶುರುವಾದ ಆ ಮನೆಯಲ್ಲಿ ಪ್ರತಿ ನಳಿಗೆಗೂ ರೂಢಿಗಿಂತ ಜಾಸ್ತಿ ಮದ್ದು ತುಂಬಿ ಹಾರಿಸಿ ನೋಡುತ್ತಾರೆ. ತಾಳಿಕೊಂಡರೆ ಮುದ್ರೆ. ಪಕ್ಕದಲ್ಲೇ ಇಂಗ್ಲಿಷಿನಲ್ಲಿ "ನಾಟ್ ಫಾರ್ ಬಾಲ್" ಅಂತ ಇತ್ತು. ಬಾಯಿ ಸ್ವಲ್ಪ ಕಿರಿದು ಮಾಡಿದ ನಳಿಗೆ ಇದು, ಒಂಟಿ ಗುಂಡು ಹಾಕಬೇಡಿ, ಚರ್ರೆ, ಅಂದರೆ ಸಣ್ಣ ಸೀಸದ ಕಾಳು, ಮಾತ್ರ ಹಾಕಿ ಅಂತ ಎಚ್ಚರಿಕೆ. ಈ ಮಾತು ಒತ್ತಿದ್ದು 1875ರಿಂದ 1887ರ ತನಕ ಮಾತ್ರ. ಅಂದರೆ ಬಂದೂಕಿಗೆ ಹತ್ತಿರ ಹತ್ತಿರ ನೂರೈವತ್ತು ವರ್ಷ. ಆಗಿನ ಕರಿಮದ್ದಿಗೆ ಮಾಡಿದ ನಳಿಗೆ ಈಗಿನ ಕಾರ್ಟ್ರಿಡ್ಜಿನ ಒತ್ತಡ ತಡೆಯುತ್ತದೆ ಅನ್ನುವ ಭರವಸೆ ಇಲ್ಲ. ಅಜ್ಜನೂ ಹಾರಿಸಿರಲಿಲ್ಲವಂತೆ.

ಸಂಜೆ ಗಿರಾಕಿ ಕಡಿಮೆ ಆದ ಮೇಲೆ ಗೆಳೆಯ ವ್ಯಾಪಾರದ ಕಥೆ ಹೇಳಿದ. 1972ರಲ್ಲಿ ವನ್ಯಜೀವಿ ರಕ್ಷಣಾ ಕಾಯ್ದೆ ಬಂತು, ಶಿಕಾರಿ ನಿಂತಿತು. ನಿಂತಿದ್ದು ಒಳ್ಳೆಯದೇ. ಬೀದರಿನ ಹೊಲಗಳಲ್ಲಿ ಇವತ್ತು ಕೃಷ್ಣಮೃಗ ಕಾಣುತ್ತವೆ ಅಂದರೆ ಆ ಕಾಯ್ದೆಗೂ ಪಾಲಿದೆ. 1980ರ ದಶಕದಲ್ಲಿ ವಿದೇಶಿ ಬಂದೂಕಿನ ಆಮದು ಕಟ್ಟಾಯಿತು. 2016ರಲ್ಲಿ ಹೊಸ ನಿಯಮಗಳು ಬಂದವು. 2019ರ ತಿದ್ದುಪಡಿ ಒಬ್ಬರ ಬಳಿ ಮೂರು ಇರಬಹುದಾಗಿದ್ದನ್ನು ಎರಡಕ್ಕೆ ಇಳಿಸಿತು. ಈಗ ಕೊಳ್ಳುವವರು ಅಂದರೆ ಬ್ಯಾಂಕ್ ಕಾವಲಿಗೆ ಸೇರುವ ಮಾಜಿ ಸೈನಿಕರು, ಬೆಳೆ ಕಾಯಲು ಲೈಸೆನ್ಸ್ ಪಡೆದ ರೈತರು. ಚುನಾವಣೆ ಬಂದಾಗ ಮಾತ್ರ ಕೋಣೆ ತುಂಬುತ್ತದೆ. ಜಿಲ್ಲಾಧಿಕಾರಿ ಆದೇಶ ಬಂದ ಮೇಲೆ ಲೈಸೆನ್ಸ್‌ದಾರರು ತಮ್ಮ ಬಂದೂಕು ಪೊಲೀಸ್ ಠಾಣೆಗೋ ಇಂಥ ಅಂಗಡಿಗೋ ಒಪ್ಪಿಸಬೇಕು.

"ಮಾರಾಟ ಇಲ್ಲ, ಜ್ವಾಪಾನ ಮಾಡೂದೇ ಕೆಲಸ ಆಗ್ಯದ" ಅಂದ.

ಶುಕ್ರವಾರ, ಕಲಬುರಗಿ

ಇವತ್ತು ಇಡೀ ದಿನ ಲೆಕ್ಕದ ಪುಸ್ತಕ. ಮಾಳಿಗೆ ಮೇಲಿನ ಟ್ರಂಕಿನಿಂದ ಕೆಂಪು ಬಟ್ಟೆಯ ರಟ್ಟಿನ ವಹಿಗಳನ್ನು ಇಳಿಸಿದೆವು. ಗೆದ್ದಲು ಮುಟ್ಟಿಲ್ಲ, ಬೇವಿನ ಎಲೆ ಹಾಕಿಟ್ಟಿದ್ದರು. 1950ರ ದಶಕದಿಂದ ಈಚೆಗಿನವು ಕನ್ನಡ, ಇಂಗ್ಲಿಷ್. ಅದಕ್ಕಿಂತ ಹಿಂದಿನವು ಎಲ್ಲಾ ಉರ್ದು. ಹೈದರಾಬಾದ್ ಸಂಸ್ಥಾನದಲ್ಲಿ ಆಡಳಿತದ ಭಾಷೆ ಅದೇ ಆಗಿತ್ತು. ಓದಲು ಪಕ್ಕದ ಓಣಿಯ ನಿವೃತ್ತ ಉರ್ದು ಮಾಸ್ತರು ಬಂದರು. ಕನ್ನಡಕ ಒರೆಸಿಕೊಂಡು, ಚಹಾ ಮುಗಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ನಾನು ಬರೆದುಕೊಂಡೆ.

ತಾರೀಖು ಫಸಲಿ ಲೆಕ್ಕದಲ್ಲಿದೆ. ಫಸಲಿ ವರ್ಷಕ್ಕೆ 590 ಕೂಡಿಸಿದರೆ ನಮ್ಮ ಇಸವಿ. ನಮ್ಮ ಕೈಗೆ ಸಿಕ್ಕ ಅತ್ಯಂತ ಹಳೇ ವಹಿ 1336 ಫಸಲಿ, ಅಂದರೆ 1926-27. ರೂಪಾಯಿ ಕೂಡ ಬೇರೆ. ಹಾಲಿ ಸಿಕ್ಕಾ. ನಿಜಾಮರ 7 ರೂಪಾಯಿ ಸುಮಾರಾಗಿ ಬ್ರಿಟಿಷರ 6 ರೂಪಾಯಿಗೆ ಸಮ. ಮುಂಬೈಯಿಂದ ಮಾಲು ತರಿಸಿದಾಗಲೆಲ್ಲ ಎರಡೂ ರೂಪಾಯಿಯ ಲೆಕ್ಕ ಪಕ್ಕಪಕ್ಕ ಬರೆದಿದ್ದಾರೆ.

ಮಾಲು ರೈಲಿನಲ್ಲಿ ಬರುತ್ತಿತ್ತು. ಮುಂಬೈ ಕಡೆಯ ಹಳಿಯೂ ಮದ್ರಾಸು ಕಡೆಯ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ಕ್ಕೆ ವಾಡಿಯಿಂದ ಸಿಕಂದರಾಬಾದಿಗೂ ದಾರಿ ಆಯಿತು. ಈ ಹಳಿ ಇಲ್ಲದಿದ್ದರೆ ಇಂಥ ಅಂಗಡಿಯೇ ಇರುತ್ತಿರಲಿಲ್ಲ. ತಂತಿ ಮೊಳೆ, ಕೀಲು, ತಗಡು, ಅಲೀಗಢದ ಬೀಗ ಎಲ್ಲ ಸ್ಟೇಷನ್ನಿನಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಬಜಾರಿಗೆ ಬರುತ್ತಿತ್ತು. ಗಾಡಿ ಬಾಡಿಗೆಯೂ ವಹಿಯಲ್ಲಿದೆ.

ಬಂದೂಕಿಗೆ ಬೇರೆಯೇ ಪುಸ್ತಕ. ಕೊಂಡವರ ಊರು, ಪರವಾನಗಿ ನಂಬರು, ಬಂದೂಕಿನ ನಂಬರು, ಚರ್ರೆ ಎಷ್ಟು, ಕಾರ್ಟ್ರಿಡ್ಜ್ ಎಷ್ಟು. ಬೇರೆ ಯಾವ ಸರಕಿಗೂ ಹೀಗೆ ಬರೆದಿಟ್ಟ ಚರಿತ್ರೆ ಇಲ್ಲ. ಒಂದು ನೇಗಿಲು ಯಾರ ಮನೆಗೆ ಹೋಯಿತು ಅಂತ ಯಾರೂ ಬರೆದಿಡಲ್ಲ. ಬಂದೂಕಾದರೆ ಅಪ್ಪನಿಂದ ಮಗನಿಗೆ ಹೋದದ್ದೂ ದಾಖಲೆ ಆಗುತ್ತದೆ. ಕೊಂಡವರ ಊರು ನೋಡುತ್ತಾ ಹೋದೆ. ಸುರಪುರ, ಶಹಾಪುರ, ಹುಣಸಗಿ ಮತ್ತೆ ಮತ್ತೆ ಬಂದವು. ನಾಳೆ ಆ ಕಡೆ ಹೋಗಬೇಕು ಅಂತ ಅಲ್ಲೇ ನಿರ್ಧಾರ ಮಾಡಿದೆ.

ಮಧ್ಯಾಹ್ನ ಜೋಳದ ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹಿಂಡಿ ಊಟ ಆದ ಮೇಲೆ 1357 ಫಸಲಿಯ ವಹಿ ತೆಗೆದೆವು. 1947ರ ಅಕ್ಟೋಬರಿನಿಂದ 1948ರ ಅಕ್ಟೋಬರ್ ತನಕದ ಲೆಕ್ಕ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಇಲ್ಲಿಗೆ ಬಂದಿರಲಿಲ್ಲ. ನಿಜಾಮರ ಪರವಾದ ಖಾಸಗಿ ಪಡೆ, ಕಾಸಿಂ ರಜ್ವಿಯ ರಜಾಕಾರರು, ಹಳ್ಳಿಗಳಿಗೆ ನುಗ್ಗುತ್ತಿದ್ದ ವರ್ಷ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ಹತ್ಯಾಕಾಂಡ ನಡೆಯಿತು. ಅಂಥ ವರ್ಷದಲ್ಲಿ ಬಂದೂಕಿನ ಅಂಗಡಿಗೆ ವ್ಯಾಪಾರ ಜಾಸ್ತಿ ಆಗಿರಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ಬಂದೂಕಿನ ಪುಸ್ತಕದ ಹಾಳೆಗಳು ಹೆಚ್ಚುಕಡಿಮೆ ಖಾಲಿ. ಹೆದರಿದ ರೈತನ ಕೈಗೆ ಪರವಾನಗಿ ಸಿಗುವ ಕಾಲ ಅದಾಗಿರಲಿಲ್ಲ.

ಮಾಸ್ತರು ಆ ಪುಸ್ತಕ ಮುಚ್ಚಿ ಹಾರ್ಡ್‌ವೇರ್ ವಹಿ ಎಳೆದುಕೊಂಡರು. ಓದಲು ಶುರು ಮಾಡಿದರು. ಬೀಗ, ಆಳಂದ. ಬೀಗ ಮತ್ತು ಸರಪಳಿ, ಅಫಜಲಪುರ. ಅಗಳಿಯ ಪಟ್ಟಿ, ಜೇವರ್ಗಿ. ಬೀಗ. ಬೀಗ. ಚಿಲಕ, ಕೊಂಡಿ. ಬೀಗ, ಚಿಂಚೋಳಿ. ಹಾಳೆ ಮಗುಚಿದರೂ ಅದೇ. ಆ ದಿನಗಳಲ್ಲಿ ಈ ಭಾಗದ ಸಾವಿರಾರು ಮನೆಗಳವರು ಗಡಿ ದಾಟಿ ಸೊಲ್ಲಾಪುರದ ಕಡೆ ಹೋದರು. ಹೋಗುವ ಮೊದಲು ಬಾಗಿಲಿಗೆ ಬೀಗ ಹಾಕಿದರು. ಆ ಬೀಗಗಳು ಇಲ್ಲಿ ಬರೆದಿವೆ.

ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂತು, 17ಕ್ಕೆ ನಿಜಾಮರು ಶರಣಾದರು. ಪೊಲೀಸ್ ಕಾರ್ಯಾಚರಣೆ ಅನ್ನೋದು ಇದನ್ನೇ. ಆ ವಾರದ ಹಾಳೆಯಲ್ಲಿ ಏನೂ ಬರೆದಿಲ್ಲ, ಅಂಗಡಿ ಮುಚ್ಚಿತ್ತು. ಆಮೇಲೆ ಮತ್ತೆ ಬೀಗಗಳೇ. ಈ ಸಲ ಕೊಂಡವರ ಹೆಸರುಗಳು ಬೇರೆ. ಮಾಸ್ತರು ಓದುವ ದನಿ ಸಣ್ಣದಾಯಿತು. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುಸ್ಲಿಮರ ಮೇಲೆ ನಡೆದ ಹಿಂಸೆಯ ಬಗ್ಗೆ ಪಂಡಿತ್ ಸುಂದರಲಾಲ್ ಸಮಿತಿ ವರದಿ ಕೊಟ್ಟಿತ್ತು. ಹೆಚ್ಚು ಹಾನಿಯಾದ ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ನಾಂದೇಡ್ ಜೊತೆಗೆ ಗುಲ್ಬರ್ಗಾ, ಬೀದರ್ ಕೂಡ ಇವೆ. ಎರಡೂ ಕಾಲದ ಹೆಸರುಗಳು ಒಂದೇ ವಹಿಯಲ್ಲಿ, ಒಂದೇ ಮಸಿಯಲ್ಲಿವೆ. ನಾನು ಬೀಗದ ದರ ಹೋಲಿಸಿ ನೋಡಿದೆ. ಮುತ್ತಜ್ಜ ಮೊದಲಿನವರಿಗೂ ಆಮೇಲಿನವರಿಗೂ ಒಂದೇ ದರ ಹಾಕಿದ್ದಾರೆ. ಈ ಮನೆತನದ ಬಗ್ಗೆ ನಾನು ಹೇಳಬೇಕಾದ ದೊಡ್ಡ ಮಾತು ಇದೇ.

ಮುಂದಿನ ವಹಿಯಲ್ಲಿ, ಚಳಿಗಾಲದ ಹೊತ್ತಿಗೆ, ಹೊಸ ನಮೂದು ಬರುತ್ತದೆ. "ಬೀಗ ತೆಗೆದ ಕೂಲಿ." "ಹೊಸ ಕೀಲಿಕೈ." ವಾಪಸ್ ಬಂದವರು. ಓಡಾಟದಲ್ಲಿ ಕೀಲಿಕೈ ಕಳೆದುಕೊಂಡವರು.

ಮಾಸ್ತರು ಅವತ್ತಿಗೆ ಸಾಕು ಅಂದರು. ಬಲವಂತ ಮಾಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಕೋಟೆಗೆ ಹೋಗಿ ಬಂದೆ. 1367ರ ಜಾಮಿ ಮಸೀದಿ, ಆಮೇಲೆ ಬುರುಜಿನ ಮೇಲಿನ ಬಾರಾ ಗಜಿ ತೋಪು. 29 ಅಡಿ ಉದ್ದ. ಜಗತ್ತಿನಲ್ಲೇ ಉದ್ದದ ತೋಪು ಅಂತ ಊರಿಗೆ ಹೆಮ್ಮೆ. ಹುಡುಗರು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ನನ್ನ ತಲೆಯಲ್ಲಿ ಬೀಗಗಳೇ ಇದ್ದವು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಶನಿವಾರ, ಸುರಪುರ

ಬೆಳಗ್ಗೆ ಮಂಡಾಳ ಸುಸಲಾ, ಮಿರ್ಚಿ ಭಜಿ ತಿಂದು ಬಸ್ ಹತ್ತಿದೆ. ಜೇವರ್ಗಿ ಹತ್ತಿರ ಭೀಮಾ ಹೊಳೆ ದಾಟಿದ ಮೇಲೆ ಕರಿ ಮಣ್ಣು, ತೊಗರಿ, ಹತ್ತಿ. ಶಹಾಪುರದಲ್ಲಿ ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟ. ಅಲ್ಲಿಂದ ಮುಂದೆ ಬಂಡೆಗಳ ನಡುವೆ ಸುರಪುರ.

ಈ ಸೀಮೆಗೆ ಬಂದೂಕು ಹೊಸದಲ್ಲ. ಸುರಪುರದ ಬೇಡ ನಾಯಕರ ಬಂಟರು ಬತ್ತಿಯ ಕಿಡಿಯಿಂದ ಹಾರಿಸುವ ತೋಡೇದಾರ ಬಂದೂಕಿನಲ್ಲಿ ಗುರಿ ತಪ್ಪದವರು ಅಂತ ಹೆಸರಾಗಿದ್ದರು. ಹತ್ತಿರದ ವಾಗಿನಗೇರಿಯ ಮೇಲೆ 1705ರಲ್ಲಿ ಔರಂಗಜೇಬ ಮುದುಕನಾದರೂ ತಾನೇ ದಂಡು ಕಟ್ಟಿಕೊಂಡು ಬಂದ. ಅವನು ಖುದ್ದಾಗಿ ಹಾಕಿದ ಕೊನೆಯ ಮುತ್ತಿಗೆ ಅದು. 1858ರ ಫೆಬ್ರವರಿಯಲ್ಲಿ ರಾಜಾ ವೆಂಕಟಪ್ಪ ನಾಯಕರು ಇಂಗ್ಲಿಷರ ಮೇಲೆ ತಿರುಗಿ ಬಿದ್ದಾಗ ಕ್ಯಾಪ್ಟನ್ ನ್ಯೂಬರಿ ಇಲ್ಲೇ ಸತ್ತ. ರಾಜನಿಗೆ ಆಗ ಇನ್ನೂ ಎಳೇ ವಯಸ್ಸು. ಚಿಕ್ಕಂದಿನಲ್ಲಿ ಅವನನ್ನು ನೋಡಿಕೊಂಡಿದ್ದ ಅಧಿಕಾರಿ ಮೆಡೋಸ್ ಟೇಲರ್‌ನನ್ನು ಅವನು ಅಪ್ಪಾ ಅಂತ ಕರೆಯುತ್ತಿದ್ದ. ಅದೇ ವರ್ಷದ ಮೇ ತಿಂಗಳಲ್ಲಿ ಬಂಧನದಲ್ಲಿದ್ದಾಗಲೇ ರಾಜ ಗುಂಡಿಗೆ ಬಲಿಯಾದ. ತಾನೇ ಹಾರಿಸಿಕೊಂಡ ಅಂತ ಟೇಲರ್ ಬರೆದಿದ್ದಾನೆ. ಊರಿನಲ್ಲಿ ಅದನ್ನು ಒಪ್ಪದವರು ಇದ್ದಾರೆ. 1860ರಲ್ಲಿ ಸುರಪುರ ನಿಜಾಮರ ಪಾಲಾಯಿತು. ಗುಡ್ಡದ ಮೇಲಿನ ಟೇಲರ್ ಮಂಜಿಲ್‌ನಲ್ಲಿ ನಿಂತು ಕೆಳಗಿನ ಊರು ನೋಡಿದಾಗ ಈ ಕಥೆಯೆಲ್ಲ ಬಹಳ ಹತ್ತಿರದ್ದು ಅನ್ನಿಸುತ್ತದೆ.

ವಹಿಯಲ್ಲಿದ್ದ ಊರು ಹಿಡಿದು ಒಬ್ಬ ಹಿರಿಯ ರೈತರ ಮನೆಗೆ ಹೋದೆ. ಗೆಳೆಯನೇ ಫೋನ್ ಮಾಡಿ ಹೇಳಿದ್ದ. ಅವರ ಅಜ್ಜ ಇದೇ ಅಂಗಡಿಯಲ್ಲಿ ಬಂದೂಕು ಕೊಂಡವರು. ರಸೀದಿ ಇನ್ನೂ ಇದೆ. ಲೈಸೆನ್ಸ್ ಪುಸ್ತಕದ ನಡುವೆ, ಪ್ಲಾಸ್ಟಿಕ್ ಕವರಿನಲ್ಲಿ. ಅಜ್ಜನ ಹೆಸರು, ಆಮೇಲೆ ಅಪ್ಪನದು, ಈಗ ಇವರದು. ನವೀಕರಣದ ಮುದ್ರೆಗಳು ಹಾಳೆ ತುಂಬಾ.

"ಹಂದಿ ಕಾಟಕ್ಕ ತಗೊಂಡಿದ್ರು ನಮ್ಮಜ್ಜ" ಅಂದರು. "ಈಗ ಹೊಲದ ಸುತ್ತ ತಂತಿ ಹಾಕೀವಿ. ಬಂದೂಕ ಹಬ್ಬಕ್ಕ ಒಮ್ಮಿ ಪೂಜಿ ಮಾಡಿ ಒರಸಿ ಇಡ್ತೀವಿ. ಕೊಡಾಕ ಮನಸ್ ಬರಂಗಿಲ್ಲ."

ಆಯುಧ ಪೂಜೆಯ ಕುಂಕುಮ ಬಂದೂಕಿನ ಮರದ ಹಿಡಿಯ ಸಂದಿಯಲ್ಲಿ ಉಳಿದಿತ್ತು. ಅದನ್ನು ತೋರಿಸಿದ ಮೇಲೆ ಅವರು ಒಳಗೆ ಹೋಗಿ ಒಂದು ಸಲಿಕೆ ತಂದರು. ಅದೂ ಅದೇ ಅಂಗಡಿಯದಂತೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು ಕಾಲುವೆಗೆ ಕೃಷ್ಣಾ ನೀರು ಬಂದ ಮೇಲೆ ಈ ಸೀಮೆಯವರು ಕಲಬುರಗಿಗೆ ಹೋದಾಗ ಚರ್ರೆ ತರುವುದು ಬಿಟ್ಟು ಸಲಿಕೆ, ಪೈಪು, ಫುಟ್‌ವಾಲ್ವ್ ತರಲು ಶುರು ಮಾಡಿದರು. ಜೋಳದ ಹೊಲ ಎಷ್ಟೋ ಕಡೆ ಭತ್ತದ ಗದ್ದೆ ಆಯಿತು. ಬಂದೂಕಿನ ಪುಸ್ತಕ ತೆಳ್ಳಗಾಗಿ ಹಾರ್ಡ್‌ವೇರ್ ವಹಿ ದಪ್ಪ ಆಗಿದ್ದು ಯಾಕೆ ಅಂತ ನನಗೆ ಅವರ ಅಂಗಳದಲ್ಲಿ ಗೊತ್ತಾಯಿತು. ಕಾಯ್ದೆಯೊಂದೇ ಕಾರಣ ಅಲ್ಲ, ನೀರೂ ಕಾರಣ.

ಊಟ ಮಾಡದೆ ಬಿಡಲಿಲ್ಲ. ಕೊನೆಯ ಬಸ್ಸಿಗೆ ಕಲಬುರಗಿ.

ಭಾನುವಾರ, ಬೀದರ್

ರೈಲಿನಲ್ಲಿ ಬೀದರಿಗೆ. ಈ ನೇರ ಮಾರ್ಗ ಶುರುವಾಗಿದ್ದು 2017ರಲ್ಲಿ. 110 ಕಿಲೋಮೀಟರ್ ಹಳಿಗೆ ಜನ ದಶಕಗಟ್ಟಲೆ ಕಾದಿದ್ದರು. ಮರಗುತ್ತಿ ಸುರಂಗ ದಾಟಿ, ಹುಮನಾಬಾದ್ ದಾಟಿ, ಕೆಂಪು ಮಣ್ಣು ಕಾಣಿಸಿತು. ಮುತ್ತಜ್ಜ ಇದೇ ದಾರಿಯನ್ನು ಎತ್ತಿನ ಗಾಡಿಯಲ್ಲಿ ಬಂದಿರಬೇಕು.

ನಾಳೆ ನೋಡಬೇಕಾದವರು ಇವತ್ತು ಊರಲ್ಲಿರಲಿಲ್ಲ. ಹಾಗಾಗಿ ಮದರಸಾ ಕಡೆ ನಡೆದೆ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ್ದು. ಒಂದು ಪಕ್ಕದಲ್ಲಿ ಮಿನಾರು, ನೀಲಿ ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಇನ್ನೊಂದು ಪಕ್ಕ ಇಲ್ಲ. ಔರಂಗಜೇಬನ ಕಾಲದಲ್ಲಿ ಈ ಕಟ್ಟಡದಲ್ಲಿ ಸೈನಿಕರನ್ನು ಇಟ್ಟು, ಕೋಣೆಗಳಲ್ಲಿ ಮದ್ದು ತುಂಬಿದ್ದರು. 1696ರಲ್ಲಿ ಅದು ಸಿಡಿಯಿತು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟರು ಅಂತ ಯೋಚಿಸಿದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಚೌಬಾರಾ ದಾರಿಯ ಒಂದು ಬಿದರಿ ಅಂಗಡಿಯಲ್ಲಿ ಕೂತೆ. ಸತು ಜಾಸ್ತಿ, ತಾಮ್ರ ಸ್ವಲ್ಪ. ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಹಳೇ ಮಣ್ಣು ಹಾಕಿ ಕುದಿಸಿದ ನೀರಿನಲ್ಲಿ ಅದ್ದಿದರೆ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಹಿಂದೆ ಕತ್ತಿಯ ಹಿಡಿಗಳನ್ನೂ ಹೀಗೆ ಮಾಡುತ್ತಿದ್ದರು. ಈ ಊರಿನ ಕೈಗಳಿಗೆ ಲೋಹ ಅಂದರೆ ಅಷ್ಟು ಸಲಿಗೆ. ಮುತ್ತಜ್ಜ ಇಂಥ ಬಜಾರಿನಲ್ಲಿ ಬೆಳೆದವರು.

ಸೋಮವಾರ, ಬೀದರ್

ಬೆಳಗ್ಗೆಯಿಂದ ತಲೆ ಮೇಲೆ ವಾಯುಪಡೆಯ ತರಬೇತಿ ವಿಮಾನಗಳು. ಇಲ್ಲಿನ ವಿಮಾನ ನಿಲ್ದಾಣಕ್ಕೂ ನಮ್ಮ ವಹಿಗೂ ಸಂಬಂಧ ಇದೆ. 1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯಾದವನು ಕರಾಚಿಯಿಂದ ರಾತ್ರಿ ಹೊತ್ತು ವಿಮಾನದಲ್ಲಿ ನಿಜಾಮರಿಗೆ ಆಯುಧ ತಂದು ಇಳಿಸುತ್ತಿದ್ದ. ಬೀದರಿನಲ್ಲೂ ಇಳಿಸಿದ. ಮೇಲಿನವರಿಗೆ ಆಕಾಶದಿಂದ ಬಂದೂಕು ಬರುತ್ತಿತ್ತು. ಕಲಬುರಗಿಯ ಅಂಗಡಿಯಲ್ಲಿ ಲೈಸೆನ್ಸಿನ ಹಾಳೆ ಖಾಲಿ ಇತ್ತು. ಕೆಳಗಿನವರು ಬೀಗ ಕೊಂಡರು.

ಗೆಳೆಯನ ದೂರದ ಚಿಕ್ಕಪ್ಪನ ಮನೆ ಹಳೇ ಊರಿನ ಒಂದು ಕಿರಿದಾದ ಓಣಿಯಲ್ಲಿದೆ. ಬಹಳ ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ, ಕೈ ಮಾತ್ರ ಗಟ್ಟಿ. ಮೊನ್ನೆ ಮೊನ್ನೆಯ ತನಕ ಬೀಗ ರಿಪೇರಿ ಮಾಡುತ್ತಿದ್ದರಂತೆ. ವಿಷಯ ಕೇಳಿದ ಕೂಡಲೇ ತಗಡಿನ ಡಬ್ಬಿಯಿಂದ ಒಂದು ಮಡಚಿದ ಕಾಗದ ತೆಗೆದರು. ಉರ್ದು. ಫೋಟೊ ತೆಗೆದು ಮಾಸ್ತರಿಗೆ ಕಳಿಸಿದೆ. ಸ್ವಲ್ಪ ಹೊತ್ತಿಗೆ ಅವರೇ ಫೋನ್ ಮಾಡಿ ಓದಿದರು.

1331 ಫಸಲಿಯ ಕೂಲಿ ಚೀಟಿ, ಅಂದರೆ 1921-22. ಬೀದರಿನ ಖಜಾನೆಯ ಬೀಗಗಳನ್ನು ದುರಸ್ತಿ ಮಾಡಿದ್ದಕ್ಕೆ ಇಷ್ಟು. ಕೊನೆಯ ಸಾಲು, ಪಹರೆಯವರ ಬಂದೂಕುಗಳಿಗೆ ಹೊಸ ಸ್ಪ್ರಿಂಗ್ ಹಾಕಿದ್ದಕ್ಕೆ ಇಷ್ಟು. ಹೆಸರಿನ ಮುಂದೆ ಕಸುಬು ಬರೆದಿದೆ. ಬೀಗ ಮಾಡುವವನು.

ನಿಜಾಮರ ಸೈನ್ಯಕ್ಕೆ ಬಂದೂಕು ಮಾಡಿದ ಮುತ್ತಜ್ಜ ಇವರೇ. ಖಜಾನೆ ಕಾಯುವವರ ಬಂದೂಕಿಗೆ ಸ್ಪ್ರಿಂಗ್ ಹಾಕಿದವರು. ನನಗೆ ಇದು ಮನೆಯ ಕಥೆಗಿಂತ ದೊಡ್ಡದು ಅನ್ನಿಸಿತು.

ಆದರೆ ಬೀಗದವನ ಕೈಗೆ ಬಂದೂಕು ಯಾಕೆ ಕೊಟ್ಟರು? ಕೇಳಿದೆ. ಚಿಕ್ಕಪ್ಪ ಬಾಯಲ್ಲಿ ಹೇಳಲಿಲ್ಲ. ಡಬ್ಬಿಯ ತಳದಿಂದ ಅಂಗೈ ಅಗಲದ ಒಂದು ಹಳೇ ಬೀಗ, ಮತ್ತೆ ಯಾವುದೋ ಮುರಿದ ಬಂದೂಕಿನ ಪಕ್ಕದ ತಗಡು ತೆಗೆದು ಚಾಪೆ ಮೇಲಿಟ್ಟರು. ತಗಡು ಪೂರ್ತಿ ತುಕ್ಕು, ಯಾವ ಕೆಲಸಕ್ಕೂ ಬಾರದ್ದು. ಬೀಗದ ಹಿಂಭಾಗ ಬಿಚ್ಚಿದರು. ಒಳಗೆ ಬಾಗಿದ ಚಪ್ಪಟೆ ಸ್ಪ್ರಿಂಗು. ಅದು ಒಂದು ಸಣ್ಣ ತುಂಡನ್ನು ಕಚ್ಚಿನೊಳಗೆ ಒತ್ತಿ ಹಿಡಿದಿತ್ತು. ಕೀಲಿಕೈ ತಿರುಗಿಸಿದರು. ತುಂಡು ಕಚ್ಚಿನಿಂದ ಎದ್ದಿತು, ಕೊಂಡಿ ಬಿಟ್ಟಿತು. ಆಮೇಲೆ ಬಂದೂಕಿನ ತಗಡು ಮಗುಚಿದರು. ಅಲ್ಲೂ ಬಾಗಿದ ಚಪ್ಪಟೆ ಸ್ಪ್ರಿಂಗು, ಅಲ್ಲೂ ಕಚ್ಚು, ಕಚ್ಚಿನಲ್ಲಿ ಕೂತ ಒಂದು ಸಣ್ಣ ತುಂಡು. ಕುದುರೆ ಎಳೆದರೆ ಆ ತುಂಡು ಎದ್ದು ಸುತ್ತಿಗೆಯನ್ನು ಬಿಡುತ್ತದೆ.

"ಕೆಲಸ ಒಂದೇ ಅದ" ಅಂದರು. "ಸ್ಪ್ರಿಂಗಿಗಿ ಹದಾ ಕೊಡೂದು ಗೊತ್ತಿರ್ಬೇಕು, ಅಷ್ಟೇ."

ಹದ ಹೇಗೆ ಅಂತ ಕೇಳಿದೆ. ಉಕ್ಕಿನ ಪಟ್ಟಿ ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಡುಸಾಗುತ್ತದೆ, ಆದರೆ ಬಾಗಿಸಿದರೆ ಮುರಿಯುತ್ತದೆ. ಮೈ ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ನಿಧಾನಕ್ಕೆ ಕಾಯಿಸಬೇಕು. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಆಮೇಲೆ ನೀಲಿ ಬಣ್ಣ ಉಕ್ಕಿನ ಮೇಲೆ ಓಡುತ್ತದೆ. ನೀಲಿ ಬಂದ ಕ್ಷಣ ಬೆಂಕಿಯಿಂದ ತೆಗೆಯಬೇಕು. ತಡ ಮಾಡಿದರೆ ಮೆತ್ತಗಾಗುತ್ತದೆ. ಮೊದಲೇ ತೆಗೆದರೆ ಮುರಿಯುತ್ತದೆ. ಥರ್ಮಾಮೀಟರ್ ಇಲ್ಲ, ಕಣ್ಣೇ ಎಲ್ಲ. ಅವರು ಬಣ್ಣಗಳನ್ನು ಹೇಳುವಾಗ ಬೆರಳನ್ನು ಗಾಳಿಯಲ್ಲೇ ಪಟ್ಟಿಯ ಉದ್ದಕ್ಕೂ ಓಡಿಸುತ್ತಿದ್ದರು.

ಕಲಬುರಗಿಗೆ ಯಾಕೆ ಹೋದರು ಅನ್ನುವುದಕ್ಕೂ ಉತ್ತರ ಸಿಕ್ಕಿತು. ಆಗ ಬೀದರಿಗೆ ರೈಲು ಇರಲಿಲ್ಲ. ಅಲೀಗಢದ ತಯಾರು ಬೀಗ ರೈಲಿಳಿದು ಗಾಡಿಯಲ್ಲಿ ಬರಲು ಶುರುವಾದ ಮೇಲೆ ಕೈಯಿಂದ ಮಾಡಿದ ಬೀಗಕ್ಕೆ ಗಿರಾಕಿ ಕಡಿಮೆ ಆದರು. ಮುತ್ತಜ್ಜ ಬೀಗ ಎಲ್ಲಿಂದ ಬರುತ್ತಿತ್ತೋ ಆ ಸ್ಟೇಷನ್ನಿನ ಊರಿಗೇ ಹೋದರು. ಮಾಡುವವರು ಮಾರುವವರಾದರು. ಕಲಬುರಗಿ ಸುಬೇದಾರರ, ಅಂದರೆ ನಿಜಾಮರ ವಿಭಾಗಾಧಿಕಾರಿಯ, ಊರು, ಕಚೇರಿಗಳಿದ್ದವು, ಪಹರೆಯವರ ಬಂದೂಕಿನ ದುರಸ್ತಿ ಕೆಲಸ ಅಲ್ಲೂ ಸಿಕ್ಕಿತು. ದುರಸ್ತಿಯ ಬೆನ್ನಿಗೇ ಮಾರಾಟದ ಪರವಾನಗಿ ಬಂತು. ಮೊದಲು ಬೀಗ, ಆಮೇಲೆ ಬಂದೂಕು.

ಮಧ್ಯಾಹ್ನ ಗೆಳೆಯನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದ. ಆಮೇಲೆ ಚಿಕ್ಕಪ್ಪನ ಜೊತೆ ಮಾತಾಡಿದ. ಆ ಬೀಗವನ್ನು ಕೊಡಲು ಅವರು ಒಪ್ಪಲಿಲ್ಲ. "ನಾ ಇರೋ ತನಕ ಇಲ್ಲೇ ಇರ್ಲಿ" ಅಂದರು. ಸರಿಯೇ.

ಉರ್ದು ವಹಿಗಳನ್ನೆಲ್ಲ ಸ್ಕ್ಯಾನ್ ಮಾಡಿಸಲು ಗೆಳೆಯ ಒಪ್ಪಿದ್ದಾನೆ. ಮಾಸ್ತರು ವಾರಕ್ಕೆರಡು ಸಂಜೆ ಓದಿ ಕನ್ನಡಕ್ಕೆ ಇಳಿಸಿ ಕೊಡುತ್ತಾರೆ. 1357ನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳೋಣ ಅಂದಿದ್ದಾರೆ. ಆಳಂದ, ಅಫಜಲಪುರ, ಜೇವರ್ಗಿ, ಚಿಂಚೋಳಿ, ಶಹಾಪುರ, ಸುರಪುರ ಕಡೆಯವರ ಮನೆಯಲ್ಲಿ ಕಲಬುರಗಿಯ ಹಳೇ ಬಜಾರಿನಿಂದ ಅಜ್ಜ ತಂದ ಬೀಗವೋ ರಸೀದಿಯೋ ಇದ್ದರೆ ಗುಜರಿಗೆ ಹಾಕಬೇಡಿ. ಮೇಲೆ ಒತ್ತಿದ ನಂಬರು ಅಥವಾ ಹೆಸರಿದ್ದರೆ ಬರೆದಿಡಿ. ಯಾವ ವರ್ಷ, ಯಾವ ಊರಿಗೆ ಹೋದದ್ದು ಅಂತ ವಹಿಯಲ್ಲಿ ಹುಡುಕಿ ಹೇಳುತ್ತೇವೆ.